ಕ್ಯಾನಿನ ಮುಚ್ಚಳದ ರಬ್ಬರ್ ರಿಂಗ್

ಹಾಲು ಒಕ್ಕೂಟವೊಂದರ ಗುಣಮಟ್ಟ ವಿಭಾಗದಲ್ಲಿ ಹಲವು ವರ್ಷ ದುಡಿದ ನನಗೆ, ಗುಣಮಟ್ಟ ನಿರ್ವಹಣೆಯ ತತ್ವಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಹಾಲಿನ ಕ್ಯಾನಿನ ಮುಚ್ಚಳದೊಳಗೆ ಕೂರುವ ರಬ್ಬರ್ ರಿಂಗ್. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9000ರ 2015ರ ಆವೃತ್ತಿಯಲ್ಲಿ ಇಂಥ ಏಳು ತತ್ವಗಳಿವೆ. ಅವುಗಳಲ್ಲಿ ಕೆಲಸವನ್ನು ಹಂತ ಹಂತವಾಗಿ ನೋಡಬೇಕೆನ್ನುವ ತತ್ವವೇ ಉಳಿದ ಆರಕ್ಕೂ ಆಧಾರವೆಂದು ನಾನು ನಂಬಿದ್ದೇನೆ.

ಹಾಲಿಗೆ ಗುಣಮಟ್ಟವನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಆರೋಗ್ಯವಂತ ಹಸುವಿನ ಕೆಚ್ಚಲಿನಿಂದ ಇಳಿಯುವಾಗ ಹಾಲಿನಲ್ಲಿ ಬ್ಯಾಕ್ಟೀರಿಯಾ ಬಹಳ ಕಡಿಮೆಯಿರುತ್ತವೆ. ತೊಳೆಯದ ಕೆಚ್ಚಲು, ಕರೆಯುವವರ ಕೈ, ಪಾತ್ರೆ, ಕ್ಯಾನು ಹೀಗೆ ಒಂದೊಂದು ಹಂತದಲ್ಲೂ ಅವು ಸೇರಿಕೊಳ್ಳುತ್ತಾ ಹೋಗುತ್ತವೆ. 4 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ ಅವುಗಳ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಅವು ಸಾಯುವುದಿಲ್ಲ. ಡೈರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುವ ಪಾಶ್ಚೀಕರಣ ರೋಗಕಾರಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ನಿಜ; ಆದರೆ ಅಷ್ಟರಲ್ಲಿ ಕೆಟ್ಟುಹೋದ ರುಚಿಯನ್ನು ಅದು ಹಿಂದಕ್ಕೆ ತರಲಾರದು.

ಒಂದು ಬೇಸಿಗೆಯಲ್ಲಿ, ಕ್ಯಾನಿನಲ್ಲೇ ಹಾಲು ಕಳುಹಿಸುತ್ತಿದ್ದ ಹಳ್ಳಿಯ ಸಂಘವೊಂದರ ಬೆಳಗಿನ ಹಾಲು ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ದಿನವೂ ಸೋಲತೊಡಗಿತು. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ನೀಲಿ ದ್ರಾವಣ ಬೆರೆಸಿ 37 ಡಿಗ್ರಿಯಲ್ಲಿಟ್ಟರೆ, ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಅಕ್ಕಪಕ್ಕದ ಊರುಗಳ ಹಾಲು ಮೂರು ಗಂಟೆ ದಾಟಿದರೂ ನೀಲಿಯಾಗಿಯೇ ಇರುತ್ತಿತ್ತು. ಈ ಸಂಘದ್ದು ಒಂದು ಗಂಟೆಯೊಳಗೆ ಬೆಳ್ಳಗಾಗುತ್ತಿತ್ತು. ನಾನು ಸಂಘದ ಕಾರ್ಯದರ್ಶಿಗೆ ಎಚ್ಚರಿಕೆಯ ಪತ್ರ ಬರೆದೆ. ಅವರು ಹಾಲು ಹಾಕುವವರನ್ನು ಗದರಿಸಿದರು. ಹಾಲು ಮಾತ್ರ ಸುಧಾರಿಸಲಿಲ್ಲ.

ಕೊನೆಗೆ ಎರಡು ದಿನ ಬೆಳಗಿನ ಜಾವವೇ ಅಲ್ಲಿಗೆ ಹೋಗಿ ಪ್ರತಿಯೊಬ್ಬ ಉತ್ಪಾದಕರ ಹಾಲಿನ ಮಾದರಿಯನ್ನೂ, ಪ್ರತಿ ಕ್ಯಾನಿನ ಮಾದರಿಯನ್ನೂ ಬೇರೆ ಬೇರೆಯಾಗಿ ತೆಗೆದೆವು. ಉತ್ಪಾದಕರ ಹಾಲು ಚೆನ್ನಾಗಿತ್ತು. ಕೆಟ್ಟಿದ್ದು ಎರಡು ಕ್ಯಾನುಗಳದ್ದು ಮಾತ್ರ. ಅವುಗಳ ಮುಚ್ಚಳದ ರಿಂಗ್ ಬಿರುಕು ಬಿಟ್ಟಿತ್ತು, ಉಗುರಿನಿಂದ ಕೆರೆದರೆ ಬಿರುಕಿನೊಳಗಿನಿಂದ ಹಳದಿಗಟ್ಟಿದ ಹಾಲಿನ ಪದರ ಹುಳಿ ವಾಸನೆಯೊಂದಿಗೆ ಎದ್ದು ಬರುತ್ತಿತ್ತು. ಕ್ಯಾನು ತೊಳೆಯುತ್ತಿದ್ದ ಹುಡುಗನಿಗೆ ಇದು ತಿಂಗಳ ಹಿಂದೆಯೇ ಗೊತ್ತಿತ್ತು. "ಹೇಳಿದ್ರೆ ನನ್ನ ಸಂಬಳದಲ್ಲೇ ಹಿಡ್ಕೋತಾರೆ ಅಂತ ಸುಮ್ಮನಿದ್ದೆ ಸಾರ್" ಎಂದ. ರಿಂಗ್ ಬದಲಿಸಿ, ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ತೊಳೆದು, ಕ್ಯಾನುಗಳನ್ನು ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ ಒಣಗಿಸತೊಡಗಿದ ಮೇಲೆ ವಾರದೊಳಗೆ ಆ ಸಂಘದ ಹಾಲೂ ಮೂರು ಗಂಟೆ ದಾಟಿತು.

ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ 14 ಅಂಶಗಳಲ್ಲಿ, ಗುಣಮಟ್ಟಕ್ಕಾಗಿ ತಪಾಸಣೆಯನ್ನೇ ನೆಚ್ಚಿಕೊಳ್ಳಬೇಡಿ ಎಂದೂ, ಸಂಸ್ಥೆಯೊಳಗಿನ ಭಯವನ್ನು ಹೋಗಲಾಡಿಸಿ ಎಂದೂ ಹೇಳಿದ್ದಾರೆ. ಇವೆರಡೂ ಬೇರೆ ಬೇರೆ ಮಾತುಗಳೆಂದು ನಾನು ತಿಳಿದಿದ್ದೆ. ಒಂದು ತಿಂಗಳ ಹಾಲು ಕೆಡಲು ಬಿರುಕಿನಷ್ಟೇ ಆ ಹುಡುಗನ ಭಯವೂ ಕಾರಣವಾಗಿತ್ತು, ಅದನ್ನು ಹೆಚ್ಚಿಸಿದ್ದರಲ್ಲಿ ನನ್ನ ಪತ್ರದ ಪಾಲೂ ಇತ್ತು.

ಪುರಾವೆಯ ಆಧಾರದ ಮೇಲೆ ತೀರ್ಮಾನಿಸಬೇಕೆಂಬ ತತ್ವಕ್ಕೂ ಡೈರಿಯಲ್ಲೇ ಒಳ್ಳೆಯ ಪಾಠವಿದೆ. ಹಾಲಿಗೆ ನೀರು ಬೆರೆಸಿದರೆ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್‌ನ ಡಿಗ್ರಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಹದವಾಗಿ ಮಾಡಿದರೆ ಡಿಗ್ರಿ ಸರಿಯಾಗಿಯೇ ತೋರುತ್ತದೆ. ಆದ್ದರಿಂದಲೇ ಡಿಗ್ರಿಯ ಜೊತೆಗೆ ಫ್ಯಾಟ್ ಪರೀಕ್ಷೆಯೂ ಬೇಕು, ಅದೂ ಹಾಲು ಹಾಕುವವರ ಕಣ್ಣೆದುರಿಗೇ ನಡೆಯಬೇಕು. ಸಹಕಾರ ಸಂಘದಲ್ಲಿ ಹಾಲು ತಂದು ಹಾಕುವವರೇ ಸಂಘದ ಒಡೆಯರು ಎಂಬುದನ್ನು ಪರೀಕ್ಷೆ ಮಾಡುವ ನಾವು ಎಷ್ಟೋ ಸಲ ಮರೆಯುತ್ತೇವೆ.

ಆ ಸಂಘಕ್ಕೆ ಈಗ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕ್ ಬಂದಿದೆ, ಕ್ಯಾನುಗಳು ಮೂಲೆ ಸೇರಿವೆ. ಟ್ಯಾಂಕಿನ ವಾಲ್ವಿನಲ್ಲೂ ಅಂಥದೇ ಒಂದು ರಬ್ಬರ್ ರಿಂಗ್ ಇದೆ. ಅದನ್ನು ಬಿಚ್ಚಿ ತೊಳೆದ ದಿನಾಂಕವನ್ನು ಅದೇ ಹುಡುಗ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ತಾನೇ ಬರೆದಿಡುತ್ತಾನೆ.