ಜನರೇಟರ್ ಒಂದೇ ಅಂದಮೇಲೆ ಮ್ಯಾಟ್ರಿಕ್ಸ್ ಬೇರೆ ಬೇರೆ ಯಾಕ್ರಿ?

ವಿಜಯಪುರ, ಬೆಳಗಾವಿ ಕಡೆ ಎಂ.ಎಸ್ಸಿ. ಫಿಸಿಕ್ಸ್ ಓದುವವರು ತಪ್ಪದೆ ಕೇಳುವ ಪ್ರಶ್ನೆ ಇದು: "ಸರ್, ಜೆಡ್ ಅಕ್ಷದ ಸುತ್ತ ತಿರುಗಿಸೋ ಜನರೇಟರ್ ಒಂದೇ ಅಂತೀರಿ. ಮತ್ತ ಒಂದ್ ಕಡೆ 2×2, ಇನ್ನೊಂದ್ ಕಡೆ 3×3 ಯಾಕ ಬರೀತೀರಿ?"

ಗೋಳಗುಮ್ಮಟದ ತಳದ ಚೌಕವನ್ನು 90 ಡಿಗ್ರಿಯ ಲೆಕ್ಕದಲ್ಲಿ ತಿರುಗಿಸಿದರಷ್ಟೇ ಅದು ಮೊದಲಿನಂತೆ ಕೂರುತ್ತದೆ. ಮೇಲಿನ ಗುಮ್ಮಟದ ವೃತ್ತವನ್ನು ಎಷ್ಟೇ ಸಣ್ಣ ಕೋನ ತಿರುಗಿಸಿದರೂ ಹಾಗೇ ಇರುತ್ತದೆ. ಜನರೇಟರ್, ಅಂದರೆ ಅತಿ ಸಣ್ಣ ತಿರುಗುವಿಕೆಯನ್ನು ಹುಟ್ಟಿಸುವ ಆಪರೇಟರ್, ಇರುವುದು ಈ ಎರಡನೆಯ ಬಗೆಯ ಸಮ್ಮಿತಿಗೆ ಮಾತ್ರ. ಅತಿ ಸಣ್ಣ ಕೋನ ಥೀಟಾಗೆ ಸ್ಥಿತಿಯನ್ನು '1 − ಐ ಥೀಟಾ ಜೆ' ಇಂದ ಗುಣಿಸುತ್ತೇವೆ; ಇಲ್ಲಿ ಜೆ ಅಂದರೆ ಜನರೇಟರ್, ಐ ಅಂದರೆ −1ರ ವರ್ಗಮೂಲ. ದೊಡ್ಡ ಕೋನಕ್ಕೆ ಅದರ ಎಕ್ಸ್‌ಪೊನೆನ್ಶಿಯಲ್. ಜೆ ಹರ್ಮಿಷಿಯನ್ (ಸಾಲು-ಕಂಬ ಅದಲುಬದಲು ಮಾಡಿ ಐಯ ಚಿಹ್ನೆ ತಿರುಗಿಸಿದರೂ ಹಾಗೇ ಉಳಿಯುವಂಥದ್ದು) ಆಗಿರಲೇಬೇಕು, ಇಲ್ಲದಿದ್ದರೆ ಒಟ್ಟು ಸಂಭವನೀಯತೆ 1 ಆಗಿ ಉಳಿಯುವುದಿಲ್ಲ.

ಎಚ್-ಬಾರ್ (2 ಪೈಯಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕ) ಅನ್ನು 1 ಎಂದಿಟ್ಟುಕೊಳ್ಳಿ. ಎಕ್ಸ್, ವೈ ಅಕ್ಷಗಳ ಜನರೇಟರುಗಳಾದ ಜೆ-ಎಕ್ಸ್, ಜೆ-ವೈಗಳ ಕಮ್ಯುಟೇಟರ್ (ಎರಡೂ ಕ್ರಮದಲ್ಲಿ ಗುಣಿಸಿ ಕಳೆದದ್ದು) 'ಐ ಜೆ-ಜೆಡ್'. ಉಳಿದೆರಡೂ ಇದೇ ಸರದಿಯಲ್ಲಿ. ಎಲ್ಲ ಕಡೆ ಒಂದೇ ಆಗಿರುವುದು ಈ ನಿಯಮ. ಇದನ್ನು ಪಾಲಿಸುವ ಯಾವ ಮೂರು ಹರ್ಮಿಷಿಯನ್ ಮ್ಯಾಟ್ರಿಕ್ಸ್ ಆದರೂ ಒಂದು ರೆಪ್ರೆಸೆಂಟೇಶನ್. ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) ಎಸ್ ಆದರೆ ಗಾತ್ರ 2ಎಸ್+1: ಸ್ಪಿನ್ 1/2ರ ಎಲೆಕ್ಟ್ರಾನಿಗೆ 2, ಸ್ಪಿನ್ 1ಕ್ಕೆ 3.

ಹೆಚ್ಚಿನವರು ಎಡವುವುದು '1/2' ಎಂಬ ಅರ್ಧದಲ್ಲಿ. ಪೌಲಿಯ ಸಿಗ್ಮಾಗಳನ್ನೇ (ಸ್ಪಿನ್ 1/2ಕ್ಕೆ ಬಳಸುವ ಮೂರು 2×2 ಮ್ಯಾಟ್ರಿಕ್ಸ್) ಜನರೇಟರ್ ಅಂತ ಹಾಕಿದರೆ ಕಮ್ಯುಟೇಟರಿನಲ್ಲಿ ಬೇಡದ 2 ಬರುತ್ತದೆ. ಹಾಕಬೇಕಾದ್ದು ಸಿಗ್ಮಾದ ಅರ್ಧ. ಮೂರರ ವರ್ಗಗಳನ್ನು ಕೂಡಿ ನೋಡಿ: ಎಸ್(ಎಸ್+1), ಅಂದರೆ 3/4 ಬರಬೇಕು. 3 ಬಂತೋ, ಅರ್ಧ ಬಿಟ್ಟುಹೋಗಿದೆ. ಆ ಅರ್ಧದಿಂದಲೇ 360 ಡಿಗ್ರಿ ತಿರುಗಿದ ಎಲೆಕ್ಟ್ರಾನಿನ ಸ್ಥಿತಿಗೆ ಮೈನಸ್ ಚಿಹ್ನೆ ಅಂಟುತ್ತದೆ, 720ಕ್ಕೆ ಮೊದಲಿನಂತಾಗುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. 1975ರಲ್ಲಿ ನ್ಯೂಟ್ರಾನ್ ಕಿರಣವನ್ನು ಎರಡಾಗಿ ಸೀಳಿ, ಒಂದು ದಾರಿಯ ಸ್ಪಿನ್ನನ್ನು ಮಾತ್ರ ಕಾಂತಕ್ಷೇತ್ರದಲ್ಲಿ ತಿರುಗಿಸಿ, ಮತ್ತೆ ಕೂಡಿಸಿ ಈ ಚಿಹ್ನೆಯನ್ನು ಕಂಡರು. ಒಂದೇ ಕಿರಣವಿದ್ದರೆ ಇದು ಕಾಣದು, ಹೋಲಿಸಲು ಇನ್ನೊಂದು ಬೇಕು.

ಇನ್ನೊಂದು ತಪ್ಪು ಎರಡು ಎಲೆಕ್ಟ್ರಾನುಗಳ ಲೆಕ್ಕದಲ್ಲಿ. ಎರಡೂ ಜನರೇಟರುಗಳ ಟೆನ್ಸರ್ ಗುಣಲಬ್ಧ (ಎರಡು ಕಣಗಳನ್ನು ಜೋಡಿಸಿ ಬರೆಯುವ ಗುಣಾಕಾರ) ಬರೆದುಬಿಡುತ್ತಾರೆ. ಗುಣಿಸುವುದು ತಿರುಗುವಿಕೆಗಳನ್ನು; ಸಣ್ಣ ಕೋನಕ್ಕೆ ಬಿಡಿಸಿದಾಗ ಜನರೇಟರುಗಳು ಕೂಡುತ್ತವೆ. ಆದ್ದರಿಂದ 'ಜೆ ಟೆನ್ಸರ್ 1' ಮತ್ತು '1 ಟೆನ್ಸರ್ ಜೆ' ಎರಡರ ಮೊತ್ತ ಬರೆಯಿರಿ. ಜೆ-ಜೆಡ್‌ನ ಕರ್ಣದಲ್ಲಿ 1, 0, 0, −1 ಸಿಗುತ್ತವೆ. ಆ ಎರಡು ಸೊನ್ನೆಗಳ ಸ್ಥಿತಿಗಳನ್ನು ಕೂಡಿದರೆ ಟ್ರಿಪ್ಲೆಟ್ಟಿನದು (ಒಟ್ಟು ಸ್ಪಿನ್ 1ರ ಮೂರು ಸ್ಥಿತಿಗಳ ಗುಂಪು), ಕಳೆದರೆ ಸಿಂಗ್ಲೆಟ್ (ಒಟ್ಟು ಸ್ಪಿನ್ 0). ಕೇಳಿದ ಆ 3×3 ಇಲ್ಲೇ, ಟ್ರಿಪ್ಲೆಟ್ಟಿನೊಳಗೆ ಕೂತಿದೆ. ಎಕ್ಸ್-ವೈ-ಜೆಡ್ ಬೇಸಿಸ್‌ನಲ್ಲಿ ಬರೆದ 3×3 ನೋಡಲು ಬೇರೆ, ಜೆ-ಜೆಡ್ ಕರ್ಣರೂಪದಲ್ಲಿರುವುದಿಲ್ಲ. ಆದರೆ ಐಗನ್ ಮೌಲ್ಯ (ಕರ್ಣರೂಪಕ್ಕೆ ತಂದಾಗ ಕರ್ಣದಲ್ಲಿ ಉಳಿಯುವ ಸಂಖ್ಯೆಗಳು) ತೆಗೆದರೆ ಅವೇ 1, 0, −1.