ದುಡ್ಡು ಕೊಟ್ಟವರು ನೀವೇ ಅಂದ್ರು

ಮಧ್ಯಾಹ್ನ ಅಮೆಜಾನ್‌ನಿಂದ ಕುಕ್ಕರ್ ಗ್ಯಾಸ್ಕೆಟ್ ಬಂತು. ತಂದುಕೊಟ್ಟ ಹುಡುಗನ ಶರ್ಟಿನ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ. ಒಂದು ಚೊಂಬು ನೀರು ಗಟಗಟ ಕುಡಿದು ಓಡಿದ.

ಆಗ ನೆನಪಾಗಿದ್ದು 2021ರ ಜುಲೈ 20. ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ ತನ್ನದೇ ರಾಕೆಟ್ಟಲ್ಲಿ ಹತ್ತು ನಿಮಿಷ ಬಾಹ್ಯಾಕಾಶಕ್ಕೆ ಹೋಗಿ ಬಂದು, ಕೌಬಾಯ್ ಟೋಪಿ ಹಾಕ್ಕೊಂಡು ಕೂತು, ಅಮೆಜಾನಿನ ನೌಕರರಿಗೂ ಗ್ರಾಹಕರಿಗೂ ಥ್ಯಾಂಕ್ಸ್ ಹೇಳಿದ್ದ. ಇದಕ್ಕೆಲ್ಲ ದುಡ್ಡು ಕೊಟ್ಟವರು ನೀವೇ ಅಂತ.

ನಮ್ಮನೆ ಹಳೇ ಗ್ಯಾಸ್ಕೆಟ್ಟಿನ ದುಡ್ಡೂ ಸೇರಿರಬೇಕು ಹಾಗಾದ್ರೆ!

ಅವನ ರಾಕೆಟ್ ಉರಿಸೋದು ಹೈಡ್ರೋಜನ್. ಹೊಗೆ ಇಲ್ಲ, ಬರೀ ನೀರಾವಿ ಅಂತಾರೆ. ಸರಿ, ಆದ್ರೆ ಜಗತ್ತಿನ ಬಹುಪಾಲು ಹೈಡ್ರೋಜನ್ ತಯಾರಾಗೋದೇ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ಅವನಿಗಿಂತ ಮುಂಚೆ ಹೋಗಿಬಂದ ಬ್ರಿಟಿಷ್ ಉದ್ಯಮಿ ರಿಚರ್ಡ್ ಬ್ರಾನ್ಸನ್ನನ ವಾಹನ ಸುಟ್ಟಿದ್ದಂತೂ ರಬ್ಬರಿನಂಥ ಇಂಧನ. ಅದರ ಮಸಿ ಮಳೆಗೆ ತೊಳೆದು ಹೋಗಲ್ಲ, ಅಷ್ಟು ಎತ್ತರದಲ್ಲಿ ಮಳೆ ಎಲ್ಲಿದೆ? ವರ್ಷಗಟ್ಟಲೆ ಅಲ್ಲೇ ತೇಲುತ್ತೆ.

2022ರ ವಿಶ್ವ ಅಸಮಾನತೆ ವರದಿಯಲ್ಲಿ ಒಂದು ಲೆಕ್ಕ ಇದೆ. ಇಂಥ ಹನ್ನೊಂದು ನಿಮಿಷದ ಹಾರಾಟಕ್ಕೆ, ಹಿಂದುಮುಂದಿನ ಎಲ್ಲ ಕೆಲಸ ಸೇರಿಸಿದ್ರೆ, ತಲಾ ಕನಿಷ್ಠ 75 ಟನ್ ಇಂಗಾಲ. ಜಗತ್ತಿನ ಕಡುಬಡವರಲ್ಲಿ ನೂರು ಕೋಟಿ ಜನ ಇದ್ದಾರೆ, ಒಬ್ಬೊಬ್ಬರು ಹುಟ್ಟಿದಾಗಿಂದ ಸಾಯೋವರೆಗೂ ಅಷ್ಟು ಬಿಡಲ್ಲ.

ಆಗ ಅಮೆರಿಕದ ಸಂಸದರಾಗಿದ್ದ ಅರ್ಲ್ ಬ್ಲೂಮೆನಾವರ್ 2021ರಲ್ಲೇ, ಇಂಥ ಮೋಜಿನ ಟಿಕೆಟ್ಟಿಗೆ ತೆರಿಗೆ ಹಾಕೋಣ ಅಂದಿದ್ರು. ವಿಮಾನ ಹತ್ತೋ ಮಾಮೂಲಿ ಜನ ಕಟ್ಟಲ್ವಾ, ಇವರೂ ಕಟ್ಟಲಿ ಅಂತ. ಕಾನೂನು ಆಗಲೇ ಇಲ್ಲ ಮಾರಾಯ್ರೆ.