ಹಳೆಯ ರಿವಾಲ್ವರಿಗೆ ಯಾವ ಕಾಡತೂಸು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಳೆಯ ರಿವಾಲ್ವರುಗಳ ಮಾತು ಬಂದಾಗಲೆಲ್ಲ ಜನ ನನ್ನನ್ನು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ. ಹದಿನೈದು, ಹದಿನೇಳು ಗುಂಡು ಹಿಡಿಯುವ ಹಗುರವಾದ ಪಿಸ್ತೂಲುಗಳಿರುವ ಈ ಕಾಲದಲ್ಲಿ ಆರೇ ಆರು ಗುಂಡಿನ, ಕೈಗೆ ಭಾರವಾದ, ನೂರು ವರ್ಷ ಹಿಂದಿನ ಯಂತ್ರದ ಮೇಲೆ ಇಷ್ಟೊಂದು ಮೋಹವೇಕೆ ಎಂಬುದು ಮೊದಲನೆಯದು. ಹಾಗೆ ಮೋಹಕ್ಕೆ ಬಿದ್ದು, ಪರವಾನಗಿ ಪಡೆದು, ಒಂದನ್ನು ತಂದಿಟ್ಟುಕೊಂಡ ಮೇಲೆ ಅದಕ್ಕೆ ಯಾವ ಕಾಡತೂಸು (ಗುಂಡು, ಮದ್ದು, ಮದ್ದಿಗೆ ಕಿಡಿ ಹಚ್ಚುವ ಕೇಪು ಮೂರನ್ನೂ ಸೇರಿಸಿದ ಹಿತ್ತಾಳೆ ಕೊಳವೆ) ಹಾಕಬೇಕು ಎಂಬುದು ಎರಡನೆಯದು. ಕೇಳುವವರು ಇವೆರಡೂ ಬೇರೆ ಬೇರೆ ಎಂದುಕೊಂಡಿರುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಒಂದು ರಿವಾಲ್ವರು ಯಾವ ಕಾಲದ್ದು, ಯಾವ ಮದ್ದಿಗೆ, ಎಷ್ಟು ಒತ್ತಡಕ್ಕೆಂದು ಹುಟ್ಟಿದ್ದು ಎಂಬುದನ್ನು ಅದರ ಮೈಮೇಲಿನ ಗುರುತುಗಳಿಂದ ಓದಿ ತಿಳಿಯುವುದರಲ್ಲಿಯೇ ಈ ಹವ್ಯಾಸದ ಅರ್ಧ ಸುಖವಿದೆ, ಮತ್ತು ಕಾಡತೂಸಿನ ಆಯ್ಕೆ ಆ ಓದಿನಿಂದಲೇ ಹೊರಡುತ್ತದೆ.

ಮೋಹದ ವಿಷಯವನ್ನು ಮೊದಲು ಮುಗಿಸುತ್ತೇನೆ. ರಿವಾಲ್ವರಿನಲ್ಲಿ ನಡೆಯುವುದರ ಬಹುಪಾಲು ಕಣ್ಣೆದುರೇ ನಡೆಯುತ್ತದೆ. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರಿನ ಕುದುರೆಯನ್ನು, ಅಂದರೆ ಕೇಪಿಗೆ ಪೆಟ್ಟು ಕೊಡುವ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ನಿಧಾನವಾಗಿ ಹಿಂದಕ್ಕೆಳೆದರೆ ಅದು ನಾಲ್ಕು ಸಲ ಟಿಕ್ಕೆನ್ನುತ್ತದೆ: ಮೊದಲನೆಯದು ಸುರಕ್ಷೆಯ ಕಚ್ಚು, ಎರಡನೆಯದು ಕಾಡತೂಸು ತುಂಬಲು ಸಿಲಿಂಡರನ್ನು ಸಡಿಲಬಿಡುವ ಅರ್ಧ ಕಚ್ಚು, ಮೂರನೆಯದು ಸಿಲಿಂಡರನ್ನು ಹಿಡಿಯುವ ಬೀಗದ ನಾಲಿಗೆ ಮೇಲಕ್ಕೆ ಚಿಮ್ಮುವ ಸದ್ದು, ನಾಲ್ಕನೆಯದು ಪೂರ್ಣ ಕಚ್ಚು. ಈ ನಾಲ್ಕು ಸದ್ದು ಕೇಳಿಯೇ ಒಳಗಿನ ಸ್ಪ್ರಿಂಗುಗಳ ಆರೋಗ್ಯವನ್ನು ಹೇಳುವವರಿದ್ದಾರೆ. (ಆ ಮೊದಲ ಕಚ್ಚನ್ನು ನಂಬಬಾರದು. ಕುದುರೆಗೆ ಪೆಟ್ಟು ಬಿದ್ದರೆ ಅದು ಮುರಿಯಬಹುದು. ಕುದುರೆಯ ಮೂಗು ನೇರವಾಗಿ ಕೇಪಿನ ಮೇಲೆಯೇ ಇರುತ್ತದೆ. ಆದ್ದರಿಂದಲೇ ಆರು ಗುಂಡಿನ ಈ ರಿವಾಲ್ವರಿಗೆ ಐದನ್ನೇ ತುಂಬಿ, ಕುದುರೆಯನ್ನು ಸಿಲಿಂಡರಿನ ಖಾಲಿ ಮನೆಯ, ಅಂದರೆ ಕಾಡತೂಸಿಲ್ಲದ ತೂತಿನ, ಮೇಲೆ ಇಳಿಸುವುದು ವಾಡಿಕೆ.) ಬ್ರಿಟನ್ನಿನ ವೆಬ್ಲಿ ರಿವಾಲ್ವರಿನ ಸೊಗಸೇ ಬೇರೆ. ಹೆಬ್ಬೆರಳಿನಿಂದ ಚಿಲಕವನ್ನು ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಇಡೀ ರಿವಾಲ್ವರು ಮಡಚಿಕೊಂಡು, ನಕ್ಷತ್ರದಾಕಾರದ ತಳ್ಳುಗ ಮೇಲೆದ್ದು, ಆರೂ ಖಾಲಿ ಕೊಳವೆಗಳನ್ನು ಒಮ್ಮೆಗೇ ಎತ್ತಿ ಹಾಕುತ್ತದೆ. 1895ರ ರಷ್ಯದ ನಾಗಾಂತಿನಲ್ಲಿ ಕುದುರೆ ಎಳೆದೊಡನೆ ಸಿಲಿಂಡರು ತಾನಾಗಿಯೇ ಮುಂದೆ ಸರಿದು ನಳಿಗೆಗೆ ಅಂಟಿಕೊಳ್ಳುತ್ತದೆ, ಕಾಡತೂಸಿನ ಬಾಯಿ ನಳಿಗೆಯೊಳಗೆ ಹೊಕ್ಕು ಅನಿಲ ಸೋರುವ ಸಂದನ್ನೇ ಮುಚ್ಚುತ್ತದೆ. ಇವನ್ನೆಲ್ಲ ನೋಡಿದ ಮೇಲೂ ಮೋಹವೇಕೆಂದು ಕೇಳುವವರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಇನ್ನು ಕಾಡತೂಸು. ಇಲ್ಲಿ ಮೊದಲ ಶತ್ರು ಹೆಸರು. ಒಂದು '38' ಎಂಬ ಅಂಕಿಯನ್ನೇ ನೋಡಿ. .38 ಸ್ಪೆಷಲ್ ಎಂಬುದರ ಗುಂಡು 0.38 ಇಂಚು ಇಲ್ಲ, ಸೀಸದ್ದಾದರೆ ಸುಮಾರು 0.358 ಇಂಚು ಇರುತ್ತದೆ. ಹೆಸರಿನ 38 ಎಂಬುದು ಹಿತ್ತಾಳೆ ಕೊಳವೆಯ ಹೊರ ಅಳತೆಗೆ ಹತ್ತಿರವಾದದ್ದು, ಗುಂಡೂ ಕೊಳವೆಯೂ ಒಂದೇ ದಪ್ಪವಿದ್ದ ಹಿಂದಿನ ಕಾಲದಿಂದ ಉಳಿದು ಬಂದದ್ದು. ಅದಕ್ಕಿಂತ ಹಳೆಯದಾದ .38 ಸ್ಮಿತ್ ಅಂಡ್ ವೆಸನ್ ಬೇರೆಯೇ ಕಾಡತೂಸು: ಗಿಡ್ಡ, ತುಸು ದಪ್ಪ, ಗುಂಡು ಸುಮಾರು 0.361 ಇಂಚು. ರಿವಾಲ್ವರಿನ ನಳಿಗೆಯ ಮೇಲೆ ಕೊರೆದ ಅಕ್ಷರಗಳಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ 'ಸ್ಪೆಷಲ್' ಎಂಬ ಒಂದೇ ಪದ. ಆ ಪದ ಇದೆಯೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ನೋಡದೆ ಪೆಟ್ಟಿಗೆ ತೆರೆಯಬೇಡಿ ಎಂಬುದು ಹೊಸಬರಿಗೆ ನಾನು ಹೇಳುವ ಮೊದಲ ಮಾತು.

ಇದು ಪುಸ್ತಕದ ಎಚ್ಚರಿಕೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಕಾಮನ್‌ವೆಲ್ತ್ ಪಡೆಗಳಿಗಾಗಿ ಸ್ಮಿತ್ ಅಂಡ್ ವೆಸನ್ ಕಂಪನಿ ಐದು ಲಕ್ಷಕ್ಕೂ ಹೆಚ್ಚು ರಿವಾಲ್ವರುಗಳನ್ನು ತಯಾರಿಸಿತು. ಅವು ಬ್ರಿಟನ್ನಿನ .38/200 ಕಾಡತೂಸಿಗೆ, ಅಂದರೆ .38 ಸ್ಮಿತ್ ಅಂಡ್ ವೆಸನ್ನಿನದೇ ಅಳತೆಗೆ ಮಾಡಿದವು. ಯುದ್ಧ ಮುಗಿದ ಮೇಲೆ ಅಗ್ಗವಾಗಿ ಮಾರಾಟಕ್ಕೆ ಬಂದಾಗ, .38 ಸ್ಪೆಷಲ್ ಎಲ್ಲೆಡೆ ಸುಲಭವಾಗಿ ಸಿಗುತ್ತಿದ್ದುದರಿಂದ, ಅವುಗಳಲ್ಲಿ ಅನೇಕವನ್ನು ಸಿಲಿಂಡರಿನ ಮನೆಗಳನ್ನು ಇನ್ನಷ್ಟು ಆಳ ಕೊರೆದು ಉದ್ದನೆಯ ಸ್ಪೆಷಲ್ ಕೂರುವಂತೆ ಮಾಡಿದರು. ಆಳವನ್ನೇನೋ ಹೆಚ್ಚಿಸಬಹುದು, ಹಿಂಭಾಗದ ಅಗಲವನ್ನು ಕಡಿಮೆ ಮಾಡಲು ಬರುವುದಿಲ್ಲವಲ್ಲ. ಗೆಳೆಯರೊಬ್ಬರ ಇಂಥ ರಿವಾಲ್ವರಿನಿಂದ ಹೊರಬಂದ ಆರು ಖಾಲಿ ಕೊಳವೆಗಳು ನನ್ನ ಮೇಜಿನ ಮೇಲಿವೆ. ಬೆರಳಿನಲ್ಲಿ ಉರುಳಿಸಿದರೆ ಬುಡದ ಹತ್ತಿರ ಬಸುರಿಯಂತೆ ಉಬ್ಬಿರುವುದು ಉಗುರಿಗೆ ತಗಲುತ್ತದೆ. ಒಂದರಲ್ಲಿ ಉದ್ದಕ್ಕೂ ಕೂದಲೆಳೆಯಷ್ಟು ಸೀಳಿದೆ. ಈ ಪ್ರಶ್ನೆ ಕೇಳಿದವರ ಕೈಗೆ ನಾನು ಮೊದಲು ಕೊಡುವುದು ಅದನ್ನೇ. ಕಾಡತೂಸು ಮನೆಯೊಳಗೆ ಕೂತಿತು ಎಂದ ಮಾತ್ರಕ್ಕೆ ಅದು ಆ ಮನೆಯದು ಎಂದು ಅರ್ಥವಲ್ಲ.

ಇಂಥ ಗೊಂದಲ ಸೈನ್ಯಗಳನ್ನೂ ಬಿಟ್ಟಿಲ್ಲ. 1870ರ ದಶಕದಲ್ಲಿ ಅಮೆರಿಕದ ಸೈನ್ಯ .45 ಕೋಲ್ಟನ್ನೂ ಸ್ಮಿತ್ ಅಂಡ್ ವೆಸನ್ನಿನ ಸ್ಕೋಫೀಲ್ಡನ್ನೂ ಜೊತೆಜೊತೆಗೆ ಬಳಸಿತು. ಸ್ಕೋಫೀಲ್ಡಿನ ಗಿಡ್ಡ ಕಾಡತೂಸು ಕೋಲ್ಟಿನೊಳಗೆ ಕೂರುತ್ತಿತ್ತು, ಕೋಲ್ಟಿನ ಉದ್ದ ಕಾಡತೂಸು ಸ್ಕೋಫೀಲ್ಡಿನೊಳಗೆ ಹೋಗುತ್ತಿರಲಿಲ್ಲ; ಕೊನೆಗೆ ಗಿಡ್ಡದ್ದನ್ನೇ ಎರಡಕ್ಕೂ ಹಂಚಬೇಕಾಯಿತು. ಇದೇ ಉದ್ದದ ತರ್ಕವನ್ನು 1935ರಲ್ಲಿ ಜಾಣತನದಿಂದ ಬಳಸಿಕೊಂಡರು. ಆಗ ಬಂದ .357 ಮ್ಯಾಗ್ನಮ್ ಕಾಡತೂಸಿನ ಗುಂಡು .38 ಸ್ಪೆಷಲ್ಲಿನ ಗುಂಡಿನಷ್ಟೇ ದಪ್ಪ, ಆದರೆ ಕೊಳವೆಯನ್ನು ಬೇಕೆಂದೇ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ ಮಾಡಿದ್ದರಿಂದ ಹಳೆಯ ಸ್ಪೆಷಲ್ ರಿವಾಲ್ವರುಗಳಲ್ಲಿ ಅದು ಪೂರ್ತಿ ಒಳಗೆ ಹೋಗದೆ ಸಿಲಿಂಡರು ಮುಚ್ಚಿಕೊಳ್ಳುವುದೇ ಇಲ್ಲ. ತಿರುಗಾಮುರುಗಾ ಮಾಡಿದರೆ, ಅಂದರೆ ಮ್ಯಾಗ್ನಮ್ ರಿವಾಲ್ವರಿಗೆ ಸ್ಪೆಷಲ್ ಹಾಕಿದರೆ, ಅಪಾಯವಿಲ್ಲ. ಮನೆಯ ಒಳಗೋಡೆಯಲ್ಲಿ ಕೂರುವ ಮಸಿಯ ಉಂಗುರವನ್ನು ಉಜ್ಜಿ ತೆಗೆಯುವ ಕೆಲಸವೊಂದು ಹೆಚ್ಚುತ್ತದೆ.

ಆ ಮೂರು ಮಿಲಿಮೀಟರು ತಡೆಯುತ್ತಿರುವುದು ಎಷ್ಟನ್ನು ಎಂದು ಅಂಕಿಗಳಲ್ಲಿ ನೋಡಬೇಕು. ಅಮೆರಿಕದ ಮಾನಕಗಳಲ್ಲಿ .38 ಸ್ಪೆಷಲ್ಲಿನ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡು, ಅದರದೇ ಹೆಚ್ಚು ಬಲದ 'ಪ್ಲಸ್ ಪಿ' ರೂಪಕ್ಕೆ 20,000, .357 ಮ್ಯಾಗ್ನಮ್ಮಿಗೆ 35,000. ಗುಂಡು ಅಷ್ಟೇ ದಪ್ಪ, ಒತ್ತಡ ಎರಡು ಪಟ್ಟು. ಗಾತ್ರದಲ್ಲಿ ದೊಡ್ಡದಾದ .45 ಕೋಲ್ಟಿನ ಮಿತಿ 14,000 ಮಾತ್ರ ಎಂಬುದು ಹಲವರಿಗೆ ಅಚ್ಚರಿ ತರುತ್ತದೆ. ಅದು ಕರಿಮದ್ದಿನ, ಅಂದರೆ ಹೊಗೆಯುಗುಳುವ ಹಳೆಯ ಮದ್ದಿನ, ಕಾಲದ ಕಾಡತೂಸು; ಇಂದು ಅದೇ ಹೆಸರಿನಲ್ಲಿ ಗಟ್ಟಿಮುಟ್ಟಾದ ಹೊಸ ರಿವಾಲ್ವರುಗಳಿಗೆಂದೇ ತುಂಬಿದ ಬಿರುಸಾದ ಕಾಡತೂಸುಗಳು ಬರುತ್ತವೆ, ಅವು 1873ರ ವಿನ್ಯಾಸದ ತೆಳುಗೋಡೆಯ ಸಿಲಿಂಡರಿನೊಳಗೂ ಸಲೀಸಾಗಿ ಕೂರುತ್ತವೆ, ಮತ್ತು ಅಲ್ಲಿ ತಡೆಯಲು ಯಾವ ಮೂರು ಮಿಲಿಮೀಟರೂ ಇಲ್ಲ. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರವೊಂದೇ ಕಾವಲು.

ಕರಿಮದ್ದಿನ ಕಾಲದ ರಿವಾಲ್ವರಿಗೆ ಅದರ ನಂತರ ಬಂದ, ಹೆಚ್ಚು ಒತ್ತಡದ ಹೊಗೆರಹಿತ ಮದ್ದಿನ ಕಾಡತೂಸು ಹಾಕಬಹುದೇ ಎಂದು ಕೇಳಿದರೆ ನನ್ನ ಉತ್ತರ ಬೇಡ ಎಂದೇ. ತಾನು ಮಾಡಿದ ಸಿಂಗಲ್ ಆಕ್ಷನ್ ರಿವಾಲ್ವರುಗಳು ಹೊಗೆರಹಿತ ಮದ್ದಿಗೂ ತಡೆಯುತ್ತವೆ ಎಂಬ ಖಾತರಿಯನ್ನು ಕೋಲ್ಟ್ ಕಂಪನಿಯೇ ಕೊಡಲು ಆರಂಭಿಸಿದ್ದು 1900ರ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಸಿಲಿಂಡರಿನ ಕಬ್ಬಿಣ ಇಂದಿನ ಉಕ್ಕಲ್ಲ. ಹಾಗೆಯೇ ಬಾಗಿ ತೆರೆಯುವ ರಿವಾಲ್ವರುಗಳ ಚಿಲಕವೂ ಕೀಲೂ ಪ್ರತಿ ಹೊಡೆತಕ್ಕೂ ಒಂದಿಷ್ಟು ಎಳೆತ ತಿನ್ನುತ್ತವೆ. ಒಂದು ರಿವಾಲ್ವರು ಎಷ್ಟು ಒತ್ತಡ ತಡೆಯುತ್ತದೆ ಎಂದು ತಿಳಿಯಲು, ಪರೀಕ್ಷಿಸಿ ಒತ್ತಿದ ಬ್ರಿಟಿಷರ ಪರೀಕ್ಷಾ ಮುದ್ರೆಗಳನ್ನು ಓದುವುದು ಒಳ್ಳೆಯ ಅಭ್ಯಾಸ. 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಮುದ್ರೆ ಹೊತ್ತು ಯುದ್ಧಾನಂತರ ಮಾರಾಟವಾದ .38 ರಿವಾಲ್ವರುಗಳ ನಳಿಗೆಯ ಮೇಲೆ ಕೊಳವೆಯ ಉದ್ದ .767 ಇಂಚು ಎಂದೂ ಒತ್ತಡ ಮೂರೂವರೆ ಟನ್ ಎಂದೂ ಕೊರೆದಿರುವುದನ್ನು ಕಾಣಬಹುದು. ಅವರ ಅಳೆಯುವ ವಿಧಾನ ಬೇರೆ, ಅದನ್ನು ಮೇಲಿನ ಪೌಂಡುಗಳ ಜೊತೆ ನೇರವಾಗಿ ಹೋಲಿಸಲಾಗದು. ಆದರೆ ಆ ರಿವಾಲ್ವರು ಎಂಥ ಮೆದು ಕಾಡತೂಸಿನದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಜಾತಕ ಬೇಕಿಲ್ಲ.

ವೆಬ್ಲಿ ಆರನೆಯ ಮಾರ್ಕಿನ ಕಥೆ ನನಗೆ ಸಂಕಟ ತರುತ್ತದೆ. 1915ರಲ್ಲಿ ಬ್ರಿಟಿಷ್ ಸೇನೆ ಸೇರಿದ, .455ರ ದಪ್ಪ ಸೀಸದ ಗುಂಡನ್ನು ನಿಧಾನವಾಗಿ ಕಳಿಸುವ ಗಜಗಾಮಿನಿ ಅದು. ಅಮೆರಿಕಕ್ಕೆ ಹೋದವುಗಳಿಗೆ ಅಲ್ಲಿ .455 ಸಿಗುವುದು ಕಷ್ಟವಾಗಿತ್ತು, ಸ್ವಯಂಚಾಲಿತ ಪಿಸ್ತೂಲಿನ .45 ಎಸಿಪಿ ಧಾರಾಳವಾಗಿತ್ತು. ಸಿಲಿಂಡರಿನ ಹಿಂಬದಿಯನ್ನು ಒಂದಿಷ್ಟು ಕೆತ್ತಿ, ಅರ್ಧಚಂದ್ರದ ಕ್ಲಿಪ್ಪಿನಲ್ಲಿ ಮೂರು ಮೂರಾಗಿ ಆ ಕಾಡತೂಸುಗಳನ್ನು ಸಿಕ್ಕಿಸುವಂತೆ ಮಾಡಿ ಸಾವಿರಾರು ವೆಬ್ಲಿಗಳನ್ನು ಮಾರಿದರು. .45 ಎಸಿಪಿಯ ಮಿತಿ 21,000 ಪೌಂಡು. ವೆಬ್ಲಿ ಹುಟ್ಟಿದ್ದು ಅದಕ್ಕಿಂತ ಬಹಳ ಕಡಿಮೆ ಒತ್ತಡಕ್ಕೆ. ಪೂರ್ಣ ಬಲದ ಎಸಿಪಿ ಹಾಕಿದ ಸಿಲಿಂಡರುಗಳು ಬಿರಿದ ಚಿತ್ರಗಳನ್ನು ನೋಡಿದವರು ಮತ್ತೆ ಆ ಸಾಹಸಕ್ಕೆ ಹೋಗುವುದಿಲ್ಲ. ಕೆತ್ತಿದ ಸಿಲಿಂಡರಿನ ವೆಬ್ಲಿ ಸಿಕ್ಕರೆ ಮೆದುವಾಗಿ ತುಂಬಿದ ಸೀಸದ ಗುಂಡಿನ ಕಾಡತೂಸು ಹಾಕಿ, ಇಲ್ಲವೇ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಿ.

ಒತ್ತಡದ ಮಿತಿಯೊಳಗೆ ಇದ್ದರೆ ಸಾಕೇ ಎಂದರೆ, ಅದೂ ಸಾಲದು. ಸ್ಮಿತ್ ಅಂಡ್ ವೆಸನ್ನಿನ 19ನೆಯ ಮಾದರಿ ಮಧ್ಯಮ ಗಾತ್ರದ ಚೌಕಟ್ಟಿನಲ್ಲಿ .357 ಮ್ಯಾಗ್ನಮ್ಮನ್ನು ತುಂಬಿಸಿಕೊಂಡ, 1955ರ ಸುಂದರ ರಿವಾಲ್ವರು. ಅದರ ಸಿಲಿಂಡರು ಮುಚ್ಚಿಕೊಳ್ಳಲು ಜಾಗ ಬೇಕೆಂದು ನಳಿಗೆಯ ಹಿಂತುದಿಯ ಕೆಳಭಾಗವನ್ನು ಚಪ್ಪಟೆ ಕೆತ್ತಿದ್ದಾರೆ. ಗುಂಡು ಸಿಲಿಂಡರಿನಿಂದ ಜಿಗಿದು ನಳಿಗೆಯನ್ನು ಹೊಗುವ ಬಾಯಿಯ ಗೋಡೆ ಅಲ್ಲಿ ತೆಳುವಾಗಿದೆ. ಪೊಲೀಸರಿಗೆ ಪ್ರಿಯವಾದ 125 ಗ್ರೇನಿನ (ಗ್ರೇನ್ ಎಂಬುದು ಗುಂಡಿನ ತೂಕದ ಅಳತೆ) ಅತಿವೇಗದ ಹೊದಿಕೆಯ ಗುಂಡುಗಳು ಬಂದ ಮೇಲೆ ಆ ತೆಳು ಗೋಡೆಯಲ್ಲಿಯೇ ಬಿರುಕು ಕಾಣತೊಡಗಿತು. ಕಾಡತೂಸು ಅಧಿಕೃತವಾದದ್ದೇ, ರಿವಾಲ್ವರೂ ಅದಕ್ಕೆಂದೇ ಮಾಡಿದ್ದು, ಆದರೂ ಬಿರುಕು. ಈ ಮಾದರಿಯುಳ್ಳವರಿಗೆ ನನ್ನ ಸಲಹೆ ಹಳೆಯ ಪೊಲೀಸರ ಪದ್ಧತಿಯೇ: ಅಭ್ಯಾಸಕ್ಕೆಲ್ಲ .38 ಸ್ಪೆಷಲ್, ಮ್ಯಾಗ್ನಮ್ ಬೇಕೇ ಬೇಕೆಂದರೆ ಅಪರೂಪಕ್ಕೊಮ್ಮೆ 158 ಗ್ರೇನಿನದು.

ಆ 158 ಗ್ರೇನನ್ನು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹಳೆಯ ರಿವಾಲ್ವರುಗಳ ಗುರಿಕಣ್ಣುಗಳು ಹೊಂದಿಸಲು ಬಾರದಂತೆ ನಳಿಗೆಯ ಮೇಲೆಯೇ ನೆಟ್ಟವು. ಅವನ್ನು ಒಂದು ನಿರ್ದಿಷ್ಟ ತೂಕದ ಗುಂಡಿಗೆ ಹೊಂದಿಸಿ ಕಾರ್ಖಾನೆಯಿಂದ ಕಳಿಸಿರುತ್ತಾರೆ: .38 ಸ್ಪೆಷಲ್ಲಿಗೆ 158 ಗ್ರೇನು, .38/200ಕ್ಕೆ ಹೆಸರೇ ಹೇಳುವಂತೆ 200 ಗ್ರೇನು. ಹಗುರ ಗುಂಡು ವೇಗವಾಗಿ ಹೋಗುವುದರಿಂದ ಮೇಲೆ ಬೀಳುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ಆಗುವುದು ಉಲ್ಟಾ. ಒದೆತದಿಂದ ನಳಿಗೆಯ ಮೂತಿ ಮೇಲೇಳಲು ಆರಂಭಿಸುವಾಗ ಗುಂಡು ಇನ್ನೂ ಒಳಗೇ ಇರುತ್ತದೆ; ನಿಧಾನಸ್ಥ ಭಾರದ ಗುಂಡು ಹೊರಬೀಳುವ ಹೊತ್ತಿಗೆ ಮೂತಿ ಹೆಚ್ಚು ಮೇಲೆದ್ದಿರುತ್ತದೆ, ಅವಸರದ ಹಗುರ ಗುಂಡು ಅದಕ್ಕೂ ಮುನ್ನವೇ ಹೊರಟು ಗುರಿಹಲಗೆಯ ಮೇಲೆ ಕೆಳಗೆ ಬೀಳುತ್ತದೆ. ಗುರಿ ತಪ್ಪುತ್ತಿದೆ ಎಂದು ಗುರಿಕಣ್ಣನ್ನು ಅರದಿಂದ ಉಜ್ಜಲು ಹೊರಟವರೊಬ್ಬರ ಕೈ ಹಿಡಿದು ನಿಲ್ಲಿಸಿ, ಗುಂಡಿನ ತೂಕ ಬದಲಿಸಿ ಎಂದು ಹೇಳಿದ್ದೇನೆ.

ಹಳೆಯ ನಳಿಗೆಗಳಿಗೆ ನನ್ನ ಆಯ್ಕೆ ಮೆದು ಸೀಸ. ತಾಮ್ರದ ಹೊದಿಕೆಯ ಗುಂಡು ಮೆದು ಉಕ್ಕನ್ನು ಸವೆಸುತ್ತದೆ. ನಳಿಗೆ ತುಸು ಅಗಲವಾಗಿದ್ದರೂ ಮೆದು ಸೀಸ ಹಿಂದಿನ ಒತ್ತಡಕ್ಕೆ ಉಬ್ಬಿ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ತುಂಬುತ್ತದೆ. ಅಳತೆ ಸಂಶಯವಿದ್ದರೆ ಖಾಲಿ ರಿವಾಲ್ವರಿನ ನಳಿಗೆಯಲ್ಲಿ ಸೀಸದ ತುಣುಕೊಂದನ್ನು ತಳ್ಳಿ ಹೊರತೆಗೆದು ಮೈಕ್ರೋಮೀಟರಿನಿಂದ ಅಳೆಯಬೇಕು, ಏಕೆಂದರೆ .45 ಕೋಲ್ಟಿನ ನಳಿಗೆಯೇ ಯುದ್ಧಪೂರ್ವದಲ್ಲಿ 0.454 ಇಂಚಿದ್ದದ್ದು ಯುದ್ಧಾನಂತರ 0.451ಕ್ಕೆ ಇಳಿದಿದೆ. ಗುರಿಹಲಗೆಯ ಅಭ್ಯಾಸಕ್ಕಾದರೆ 148 ಗ್ರೇನಿನ ವ್ಯಾಡ್‌ಕಟರಿಗೆ ಸಾಟಿಯಿಲ್ಲ. ಮೂತಿಯೇ ಇಲ್ಲದ, ಚಪ್ಪಟೆ ತುದಿಯ ಆ ಸೀಸದ ಸಿಲಿಂಡರು ಕಾಡತೂಸಿನ ಬಾಯಿಯ ಮಟ್ಟಕ್ಕೇ ಹುದುಗಿರುತ್ತದೆ. ಕಾಗದವನ್ನು ಹರಿಯದೆ, ಕಚೇರಿಯ ಪಂಚಿಂಗ್ ಯಂತ್ರ ಒತ್ತಿದಂತೆ ದುಂಡಗೆ ಕತ್ತರಿಸುತ್ತದೆ. ಒದೆತ ಕಡಿಮೆ, ಸದ್ದು ಕಡಿಮೆ, ರಿವಾಲ್ವರಿಗೆ ಆಯಾಸವಿಲ್ಲ. ಸೀಸ ಹೊಡೆದ ಮೇಲೆ ಕೈತೊಳೆಯದೆ ಏನನ್ನೂ ಮುಟ್ಟಿ ತಿನ್ನಬಾರದು.

ಹಳೆಯ ಸೇನಾ ದಾಸ್ತಾನಿನ ಕಾಡತೂಸುಗಳ ಕೇಪಿನಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುವುದುಂಟು. ಅದು ಉರಿದು ಉಳಿಯುವುದು ಉಪ್ಪು, ಎಣ್ಣೆಗೆ ಕರಗದ ಉಪ್ಪು. ಅಂದೇ ಬಿಸಿನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚದಿದ್ದರೆ ಮರುದಿನವೇ ನಳಿಗೆಯಲ್ಲಿ ತುಕ್ಕಿನ ಕೆಂಪು ಕಾಣುತ್ತದೆ.

"ಸರ್, ಹಳೆಯ ರಿವಾಲ್ವರಿಗೆ ಅದೇ ಕಾಲದ ಹಳೆಯ ಕಾಡತೂಸು ಹಾಕಿದರೆ ಸರಿಹೋಗುತ್ತದಲ್ಲವೇ?" ಎಂದು ಯುವಕರೊಬ್ಬರು ಕೇಳಿದ್ದರು. ಕೇಳಲು ನ್ಯಾಯವಾಗಿಯೇ ಇದೆ, ನಾನೂ ಒಮ್ಮೆ ಹಾಗೆಯೇ ಎಣಿಸಿ, ಮಾಸಿದ ರಟ್ಟಿನ ಪೆಟ್ಟಿಗೆಯೊಂದರಿಂದ ಆರು .38 ತುಂಬಿದ್ದೆ. ಎರಡು ಸರಿಯಾಗಿ ಹೋದವು. ಮೂರನೆಯದು ಕೆಮ್ಮಿದಂತೆ ಸದ್ದು ಮಾಡಿತು, ಒದೆತವೇ ಇಲ್ಲ, ಹಲಗೆಯ ಮೇಲೆ ಹೊಸ ತೂತೂ ಇಲ್ಲ. ಕುದುರೆಯನ್ನು ಮತ್ತೆ ಎಳೆದಿದ್ದರೆ ಸಿಲಿಂಡರು ಯಾವ ತಕರಾರೂ ಇಲ್ಲದೆ ತಿರುಗಿ ನಾಲ್ಕನೆಯದನ್ನು ಎದುರಿಗೆ ತರುತ್ತಿತ್ತು, ಏಕೆಂದರೆ ಗುಂಡು ಅದರ ದಾರಿಯನ್ನು ದಾಟಿ ನಳಿಗೆಯೊಳಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತ್ತು; ಅದರ ಹಿಂದೆ ನಾಲ್ಕನೆಯದನ್ನು ಹೊಡೆದಿದ್ದರೆ ನಳಿಗೆಯೇ ಬಿರಿಯಬಹುದಿತ್ತು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದೆ, ಸಿಲಿಂಡರು ತೆರೆದು ಖಾಲಿ ಮಾಡಿದೆ, ಮೂತಿಯಿಂದ ಹಿತ್ತಾಳೆ ಸರಳನ್ನು ಇಳಿಬಿಟ್ಟೆ. ನಾಲ್ಕಿಂಚಿನ ನಳಿಗೆಯಲ್ಲಿ ಸರಳು ಒಂದಿಂಚು ಇಳಿದು ಟಕ್ಕೆಂದು ನಿಂತಿತು.